ಕೊಡಸಿಗೆ, ಹಾಲೆ, ಬೆಪ್ಪಾಲೆ: ಯಾವ ಹೆಸರು ಯಾವ ಮರಕ್ಕೆ?

ಎಲ್ಲರಿಗೂ ನಮಸ್ಕಾರ.

ಒಂದು ಪದದ ವಿಚಾರ ಕೇಳಬೇಕಿತ್ತು, ಸ್ವಲ್ಪ ಉದ್ದವಾಗುತ್ತದೆ. ಈಚೆಗೆ ನಮ್ಮ ಹೊಸನಗರ ಕಡೆಯ ವಾಟ್ಸಾಪ್ ಗುಂಪೊಂದರಲ್ಲಿ ಒಂದು ಮನೆಮದ್ದು ಓಡಾಡುತ್ತಿತ್ತು. "ಆಮಶಂಕೆಗೆ ಹಾಲೆ ಮರದ ಚಕ್ಕೆ ಕುದಿಸಿ ಕುಡಿಯಿರಿ" ಅಂತ. ಅಷ್ಟೇ. ಯಾವ ಹಾಲೆ? ಕನ್ನಡದಲ್ಲಿ ಹಾಲೆ ಅನ್ನುವ ಹೆಸರಿನ ಕೆಳಗೆ ಕಡಿಮೆ ಅಂದರೂ ಮೂರು ಮರ ಬರುತ್ತವೆ. ಮೂರೂ ಕಣಗಿಲೆಯ ಕುಟುಂಬದವು, ಗೀರಿದರೆ ಮೂರರಲ್ಲೂ ಹಾಲು ಬರುತ್ತದೆ, ಹೂವೂ ಹೆಚ್ಚುಕಡಿಮೆ ಬಿಳಿಯೇ. ಆದರೆ ಚಕ್ಕೆಯೊಳಗೆ ಇರುವುದು ಬೇರೆ ಬೇರೆ.

ಮೊದಲನೆಯದು ನಮ್ಮ ಕೊಡಸಿಗೆ. ಕೆಲವರು ಕೊಡಸ ಅನ್ನುತ್ತಾರೆ, ಹಾಲಗತ್ತಿ ಗಿಡ ಅನ್ನುವ ಹೆಸರೂ ಪಟ್ಟಿಗಳಲ್ಲಿ ಸಿಗುತ್ತದೆ. ಸಂಸ್ಕೃತದ ಕುಟಜ ಇದೇ. ಕುಟಜಾರಿಷ್ಟ ಅನ್ನುವ ಆಯುರ್ವೇದದ ಮದ್ದು ಮಾಡುವುದು ಇದರ ಚಕ್ಕೆಯಿಂದ. ಎರಡನೆಯದು ಬೆಪ್ಪಾಲೆ, ಚನ್ನಪಟ್ಟಣದ ಬೊಂಬೆಗೆ ಬಳಸುವ ಮರ. ಅಲ್ಲಿ ಅದನ್ನು ಹಾಲೆ ಮರ, ಆಲೆ ಮರ ಅಂತಲೇ ಕರೆಯುತ್ತಾರೆ. ಮೂರನೆಯದು ಮದ್ದಾಲೆ, ಸಂಸ್ಕೃತದ ಸಪ್ತಪರ್ಣ. ಘಟ್ಟದ ಕೆಳಗೆ ಆಟಿ ಅಮಾವಾಸ್ಯೆಯ ಬೆಳಗ್ಗೆ ಕಷಾಯ ಕುಡಿಯುತ್ತಾರಲ್ಲ, ತುಳುವಿನ ಪಾಲೆ, ಅದು. (ಮಲೆನಾಡಿನಲ್ಲಿ ಅಡಿಕೆ ಹಾಳೆಯೂ ಇರುವುದರಿಂದ ಬರೆಯುವಾಗ ಲ, ಳ ಅದಲುಬದಲಾಗಿ ಇನ್ನಷ್ಟು ಗೊಂದಲ.)

ಆಮಶಂಕೆಗೆ ಹೆಸರಾದದ್ದು ಈ ಮೂರರಲ್ಲಿ ಕೊಡಸಿಗೆ. ಅದರ ಚಕ್ಕೆಯಲ್ಲಿ ಕೊನೆಸ್ಸೀನ್ ಅನ್ನುವ ಆಲ್ಕಲಾಯ್ಡ್ (ಗಿಡದಲ್ಲೇ ಹುಟ್ಟುವ, ಮೈಮೇಲೆ ಪರಿಣಾಮ ಮಾಡುವ ರಾಸಾಯನಿಕ) ಇದೆ, ಜೊತೆಗೆ ಅದೇ ಗುಂಪಿನ ಇನ್ನೂ ಹಲವು. ರಚನೆಯಲ್ಲಿ ಇವು ಸ್ಟೆರಾಯ್ಡ್ ಜಾತಿಯವು. ಆಮಶಂಕೆ ತರುವ ಅಮೀಬಾದ ಮೇಲೆ ಇವು ಕೆಲಸ ಮಾಡುತ್ತವೆ. ಈಗಿನ ಮಾತ್ರೆಗಳು ಬರುವ ಮೊದಲು ಈ ಚಕ್ಕೆಯ ಆಲ್ಕಲಾಯ್ಡ್‌ಗಳನ್ನು ಬಿಸ್ಮತ್ ಅಯೊಡೈಡ್ ಜೊತೆ ಸೇರಿಸಿ ಡಾಕ್ಟರುಗಳೇ ಕೊಡುತ್ತಿದ್ದರು. ಹಾಗಂತ ಜಾಸ್ತಿ ತೆಗೆದುಕೊಳ್ಳುವ ಹಾಗಿಲ್ಲ. ಕೊನೆಸ್ಸೀನ್ ಮಿದುಳಿಗೂ ತಲುಪುತ್ತದೆ, ಪ್ರಮಾಣ ಹೆಚ್ಚಾದರೆ ನಿದ್ದೆ ಕೆಡುತ್ತದೆ, ಮನಸ್ಸು ತಳಮಳಿಸುತ್ತದೆ. ಮದ್ದಾಲೆಯಲ್ಲಿರುವುದು ಎಕಿಟಮೀನ್ ಮತ್ತು ಅದರ ಬಳಗ, ಅದು ಇಂಡೋಲ್ ಅನ್ನುವ ಬೇರೆಯೇ ರಚನೆಯ ಆಲ್ಕಲಾಯ್ಡ್ ಜಾತಿ, ಬಳಕೆ ಹೆಚ್ಚಾಗಿ ಜ್ವರಕ್ಕೆ. ಬೆಪ್ಪಾಲೆಯ ಎಲೆಯಲ್ಲಿ ನೀಲಿ ಬಣ್ಣ ಕೊಡುವ ವಸ್ತುಗಳಿವೆ, ಎಲೆಯ ಎಣ್ಣೆಯನ್ನು ತಮಿಳುನಾಡಿನ ಸಿದ್ಧ ಪದ್ಧತಿಯ ವೈದ್ಯರು ಸೋರಿಯಾಸಿಸ್‌ಗೆ ಹಚ್ಚುತ್ತಾರೆ. ಹೀಗಿರುವಾಗ ಸುಮ್ನೆ "ಹಾಲೆ ಚಕ್ಕೆ" ಅಂತ ಬರೆದರೆ ಓದಿದವರು ಯಾವ ಮರಕ್ಕೆ ಕತ್ತಿ ಹಾಕಬೇಕು?

ಈ ಗೊಂದಲ ನಮ್ಮದು ಮಾತ್ರ ಅಲ್ಲ, ವಿಜ್ಞಾನದ ಹೆಸರುಗಳಲ್ಲೂ ಆಗಿದೆ. ಸಸ್ಯಗಳಿಗೆ ವೈಜ್ಞಾನಿಕ ಹೆಸರಿಡುವ ಪದ್ಧತಿ ತಂದ ಲಿನೇಯಸ್ 1753ರಲ್ಲಿ "ಆಮಶಂಕೆ ತಡೆಯುವ ಗಿಡ" ಅನ್ನುವ ಅರ್ಥದ ಹೆಸರು ಕೊಟ್ಟದ್ದು ಶ್ರೀಲಂಕಾದ ಒಂದು ಗಿಡಕ್ಕೆ, ಅದು ಬೆಪ್ಪಾಲೆಯ ಕುಲದ್ದು. ಆ ಹೆಸರು ನಮ್ಮ ಕೊಡಸಿಗೆಗೆ ಅಂಟಿಕೊಂಡು ಹೊಲರ್ರೀನ ಆಂಟಿಡಿಸೆಂಟೆರಿಕ ಆಯಿತು, ಈಗ ಅದನ್ನು ತಿದ್ದಿ ಹೊಲರ್ರೀನ ಪ್ಯೂಬೆಸೆನ್ಸ್ ಅನ್ನುತ್ತಾರೆ. ಬೆಪ್ಪಾಲೆಯ ಕುಲದ ಹೆಸರು ರೈಟಿಯ. ಕೊನೆಸ್ಸೀನ್‌ಗೆ ಹಿಂದೆ ರೈಟೀನ್ ಅನ್ನುವ ಹೆಸರೂ ಇತ್ತು. ಅಂದರೆ ಕೊಡಸಿಗೆಯ ಸಾರಕ್ಕೆ ಬೆಪ್ಪಾಲೆಯ ಹೆಸರು! ಬೀಜದ ಕಥೆಯೂ ಹೀಗೇ. ಗ್ರಂಧಿಗೆ ಅಂಗಡಿಯ ಇಂದ್ರಯವ ಅಂದರೆ ಕೊಡಸಿಗೆ ಬೀಜ, ಆದರೆ ವ್ಯಾಪಾರದಲ್ಲಿ ಕಹಿ ಮತ್ತು ಸಿಹಿ ಅಂತ ಎರಡು ಓಡಾಡುತ್ತವೆ, ಸಿಹಿಯದು ಬೆಪ್ಪಾಲೆ ಬೀಜ.

ಮರದ ಹತ್ತಿರ ಹೋಗಿ ನೋಡಿದರೆ ಗುರುತು ಸುಲಭ. ಕೊಡಸಿಗೆ, ಬೆಪ್ಪಾಲೆ ಎರಡರಲ್ಲೂ ಕೋಡುಗಳು ಜೋಡಿ ಜೋಡಿಯಾಗಿ ನೇತಾಡುತ್ತವೆ. ಕೊಡಸಿಗೆಯ ಜೋಡಿ ತೊಟ್ಟಿನಲ್ಲಿ ಮಾತ್ರ ಸೇರಿ ಕೆಳಗೆ ಬಿಡಿಬಿಡಿ, ಸಣ್ಣ ಕೋಲಿನಷ್ಟು ಉದ್ದ, ಮೈಮೇಲೆ ಬಿಳಿ ಚುಕ್ಕಿ. ಬೆಪ್ಪಾಲೆಯ ಎಳೆಯ ಕೋಡುಗಳ ತುದಿ ಒಂದಕ್ಕೊಂದು ಅಂಟಿರುತ್ತದೆ, ಬಲಿತ ಮೇಲೆ ಬಿಡುತ್ತದೆ. ಹೂವಿನ ನಡುವೆ ಜಾಲರಿಯಂಥ ಬಿಳಿ ಎಳೆಗಳು ಕಂಡರೆ ಬೆಪ್ಪಾಲೆ, ಕೊಡಸಿಗೆ ಹೂವಿನ ಬಾಯಿ ಬೋಳು. ಮದ್ದಾಲೆಯಲ್ಲಿ ಎಲೆಗಳು ಒಂದೇ ಗಿಣ್ಣಿನ ಸುತ್ತ ಐದಾರು, ಏಳು ಹೀಗೆ ಕೂತಿರುತ್ತವೆ, ಉಳಿದ ಎರಡರಲ್ಲಿ ಎದುರುಬದುರು ಎರಡೇ.

ಇನ್ನೊಂದು ತೊಂದರೆ ಅನುವಾದದ್ದು. ಪತ್ರಿಕೆಯ ಆರೋಗ್ಯ ಪುಟದಲ್ಲಿ "ಕುರ್ಚಿ ತೊಗಟೆ" ಅಂತ ಬರುತ್ತದೆ. ಅದು ಉತ್ತರದ ಕಡೆಯ ಹೆಸರು, ನಮ್ಮ ಓದುಗರಿಗೆ ಕುರ್ಚಿ ಅಂದರೆ ಕೂರುವ ಕುರ್ಚಿ ತಾನೇ. ಕೊಡಸಿಗೆ ಚಕ್ಕೆ ಅಂತ ಬರೆದರೆ ಮಲೆನಾಡಿನ ಯಾವ ಅಜ್ಜಿಗೂ ಗೊತ್ತಾಗುತ್ತದೆ. ಯಾಕೆಂದರೆ ನಮ್ಮಲ್ಲಿ ಈ ಮರ ಮದ್ದಿನ ಡಬ್ಬಿಗಿಂತ ಹೆಚ್ಚು ಅಡುಗೆಮನೆಯಲ್ಲಿದೆ. ಬೇಸಿಗೆಯಲ್ಲಿ ಬೇಣದ (ಹುಲ್ಲುಗಾವಲಿನ) ಅಂಚಿನಿಂದ ಹೂ ಕೊಯ್ದು ಒಣಗಿಸಿ ಡಬ್ಬಿಗೆ ತುಂಬಿ ಇಡುತ್ತಾರೆ. ಮಳೆಗಾಲದಲ್ಲಿ ಹೊಟ್ಟೆ ಸರಿಯಿಲ್ಲ ಅಂದ ದಿನ ಒಂದು ಹಿಡಿ ತೆಗೆದು, ಜೀರಿಗೆ, ಕಾಳುಮೆಣಸಿನ ಜೊತೆ ತುಪ್ಪದಲ್ಲಿ ಗರಿಗರಿ ಹುರಿದು, ಕಾಯಿತುರಿ ಹಾಕಿ ರುಬ್ಬಿ, ಮಜ್ಜಿಗೆ ಬೆರೆಸಿ ಒಗ್ಗರಣೆ ಕೊಟ್ಟರೆ ತಂಬುಳಿ. ಸಣ್ಣ ಕಹಿ ಇರುತ್ತದೆ, ಬಿಸಿ ಅನ್ನಕ್ಕೆ ಅದೇ ರುಚಿ. ಮನೆಯಲ್ಲಿ ಇದನ್ನು ಯಾರೂ ಹಾಲೆ ಹೂವಿನ ತಂಬುಳಿ ಅನ್ನುವುದಿಲ್ಲ.

ಈಗ ಪದದ ಹುಟ್ಟಿಗೆ ಬರೋಣ. ಕುಟಜಾದ್ರಿಯೇ ಕೊಡಚಾದ್ರಿ ಆಯಿತು ಅನ್ನುವುದು ನಮ್ಮ ಕಡೆ ಎಲ್ಲರ ಬಾಯಲ್ಲಿರುವ ಮಾತು. ಧ್ವನಿಯ ಲೆಕ್ಕದಲ್ಲೂ ಕೂಡುತ್ತದೆ. ತಮಿಳಿನ ಕುಡೈ ನಮ್ಮಲ್ಲಿ ಕೊಡೆ, ಕುಡಂ ನಮ್ಮಲ್ಲಿ ಕೊಡ, ಹಾಗೆಯೇ ಕುಟಜ ಕೊಡಸ. ಆದರೆ ಕೊನೆಯ "ಇಗೆ" ಎಲ್ಲಿಂದ ಬಂತು? ಮಲ್ಲಿಕಾ ಮಲ್ಲಿಗೆ ಆದದ್ದು, ಚಂಪಕ ಸಂಪಿಗೆ ಆದದ್ದು ಗೊತ್ತು. ಹೂವಿನ ಹೆಸರುಗಳ ಈ ಸಾಲಿಗೆ ಸೇರಿಸಿಕೊಂಡು ಜನ ಕೊಡಸವನ್ನು ಕೊಡಸಿಗೆ ಮಾಡಿದರು ಅಂತ ನನಗೆ ಅನಿಸುತ್ತದೆ. ಸಂಸ್ಕೃತದಲ್ಲಿ ಇದಕ್ಕೆ ಗಿರಿಮಲ್ಲಿಕಾ ಅನ್ನುವ ಹೆಸರೂ ಇದೆ ಅಲ್ವಾ. ಹಾಗಿದ್ದರೆ ಮೊದಲು ಕೊಡಸ ಮರಕ್ಕೆ, ಕೊಡಸಿಗೆ ಹೂವಿಗೆ ಇದ್ದು ಆಮೇಲೆ ಎರಡೂ ಬೆರೆತಿರಬಹುದೇ?

ಬೆಪ್ಪಾಲೆಯದು ಬೇರೆ ದಾರಿ. ಹಳಗನ್ನಡದ ಪಾಲ್ ಈಗ ಹಾಲು, ಅದರಂತೆ ಪಾಲೆ ಹಾಲೆ ಆಗಿದೆ. ತಮಿಳಿನಲ್ಲಿ ಇದೇ ಮರ ವೆಟ್ಪಾಲೈ. ನಮ್ಮಲ್ಲೂ ಬೆಳ್ ಸೇರಿದ ಬಿಳಿ ಪಾಲೆಯೇ ಬೆಪ್ಪಾಲೆ, ಒತ್ತಕ್ಷರದೊಳಗೆ ಸಿಕ್ಕಿದ್ದರಿಂದ ಪಕಾರ ಹಕಾರವಾಗದೆ ಉಳಿಯಿತು ಅಂತ ನನ್ನ ಲೆಕ್ಕ. ತೊಂದರೆ ಏನೆಂದರೆ ಕೆಲವು ಸಸ್ಯಪಟ್ಟಿಗಳು ಬೆಪ್ಪಾಲೆಯನ್ನು ಕೊಡಸಿಗೆಯ ಮುಂದೆಯೂ ಬರೆದುಬಿಟ್ಟಿವೆ.

ನಾನು ಬರೆಯುವಾಗ ಹಾಲೆ ಅನ್ನುವುದನ್ನು ಒಂಟಿಯಾಗಿ ಬಳಸುವುದನ್ನೇ ಬಿಟ್ಟಿದ್ದೇನೆ. ಕೊಡಸಿಗೆ, ಬೆಪ್ಪಾಲೆ, ಮದ್ದಾಲೆ, ಈ ಮೂರನ್ನೇ ಬರೆಯುತ್ತೇನೆ. ನೀವೂ ಹಾಗೇ ಮಾಡಿ ಅಂತ ಕೇಳಿಕೊಳ್ಳುತ್ತೇನೆ, ಅದರಲ್ಲೂ ಮದ್ದಿನ ವಿಷಯ ಬರೆಯುವವರು. ಆಟಿ ಅಮಾವಾಸ್ಯೆಯ ದಿನ ಕತ್ತಲಲ್ಲಿ ಪಾಲೆ ಚಕ್ಕೆ ಅಂದುಕೊಂಡು ಕಾಸರಕನ ಮರದ ಚಕ್ಕೆ ತಂದರೆ ಅದು ವಿಷ, ಅಲ್ಲಿ ಹೆಸರಿನ ಗೊಂದಲವೂ ಸೇರಿಕೊಂಡರೆ ಕೇಳುವುದೇ ಬೇಡ.

ತೀರ್ಥಹಳ್ಳಿ, ಕೊಪ್ಪ, ಶೃಂಗೇರಿ, ಶಿರಸಿ ಕಡೆಯವರು ಹೇಳಿ: ನಿಮ್ಮಲ್ಲಿ ಮರಕ್ಕೂ ಹೂವಿಗೂ ಒಂದೇ ಹೆಸರೋ, ಬೇರೆಯೋ? ಕೊಡಸ ಅನ್ನುವವರು ಎಲ್ಲಿಯವರು, ಕೊಡಸಿಗೆ ಅನ್ನುವವರು ಎಲ್ಲಿಯವರು? ಬೆಪ್ಪಾಲೆ ಅನ್ನುವ ಮಾತು ಮನೆಯಲ್ಲಿ ಕೇಳಿದವರಿದ್ದರೆ ಅದು ಯಾವ ಮರ ಅಂತ ಕೋಡು ನೋಡಿ ತಿಳಿಸಿ, ತುದಿ ಅಂಟಿದೆಯೋ ಬಿಟ್ಟಿದೆಯೋ ಅಷ್ಟು ಬರೆದರೂ ಸಾಕು.