ಫ್ಲೋ ಡೈವರ್ಟರ್‌ಗೆ ಒಂದು ವಾರ ಮುಂಚಿನಿಂದ ಮಾತ್ರೆ ಯಾಕೆ? ಕಾಯಿಲ್ ಸಾಲದಾ?

ಜಯನಗರ ಸೊಸೆ:
ಅತ್ತೆಗೆ 58. ಬಲಗಡೆ ಇಂಟರ್ನಲ್ ಕ್ಯಾರೋಟಿಡ್‌ನಲ್ಲಿ (ಮಿದುಳಿಗೆ ರಕ್ತ ಒಯ್ಯೋ ಧಮನಿ), ಕಣ್ಣಿನ ಧಮನಿ ಕವಲೊಡೆಯೋ ಹತ್ತಿರ 7 ಮಿ.ಮೀ. ಅನ್ಯೂರಿಸಂ, ಅಂದ್ರೆ ನಾಳದ ಗೋಡೆಯ ಉಬ್ಬು; ಅದರ ಬಾಯಿ (ನೆಕ್) 5 ಮಿ.ಮೀ. ಒಡೆದಿಲ್ಲ. ಬಿಪಿ ಇದೆ, ಗ್ಯಾಸ್‌ಗೆ ದಿನಾ ಒಮೆಪ್ರಜೋಲ್. ಫ್ಲೋ ಡೈವರ್ಟರ್ ಅನ್ನೋ ಜಾಳಿಗೆ ಹಾಕ್ತಾರಂತೆ. ಏಳು ದಿನ ಮುಂಚಿನಿಂದ ಆಸ್ಪಿರಿನ್, ಕ್ಲೋಪಿಡೋಗ್ರೆಲ್ ಬರೆದಿದ್ದಾರೆ. ಉಬ್ಬಿನೊಳಗೆ ತುಂಬೋ ಪ್ಲಾಟಿನಂ ತಂತಿಯ ಸುರುಳಿ, ಅದೇ ಕಾಯಿಲ್, ಯಾಕೆ ಬೇಡ? ರಕ್ತ ತೆಳು ಮಾಡಿದ್ರೆ ಉಬ್ಬು ಒಡೆಯಲ್ವಾ?

ಕ್ಯಾಥ್‌ಲ್ಯಾಬ್ ಮೂಲೆ:
ನಿಮ್ಮ ಉತ್ತರ ಆ 5 ಮಿ.ಮೀ.ನಲ್ಲೇ ಇದೆ ಮೇಡಂ. ಚೊಂಬಿನ ಹಾಗೆ ಬಾಯಿ ಕಿರಿದಾಗಿದ್ರೆ ಒಳಗೆ ತುಂಬಿದ್ದು ಒಳಗೇ ನಿಲ್ಲುತ್ತೆ. ಬೋಗುಣಿ ಥರ ಅಗಲವಾಗಿದ್ರೆ ಜಾರಿ ಮುಖ್ಯ ನಾಳಕ್ಕೆ ಬರುತ್ತೆ. ನೆಕ್ 4 ಮಿ.ಮೀ. ದಾಟಿದ್ರೆ, ಅಥವಾ ಉಬ್ಬಿನ ಅಗಲ ನೆಕ್‌ನ ಎರಡರಷ್ಟೂ ಇಲ್ಲದಿದ್ರೆ ಅದನ್ನ ಅಗಲ ನೆಕ್ ಅಂತಾರೆ. ನಿಮ್ಮ ಅತ್ತೆಯದು 7 ಭಾಗಿಸು 5, ಅಂದ್ರೆ 1.4ರಷ್ಟು ಮಾತ್ರ.

ಕಾಯಿಲ್‌ನ ಲೆಕ್ಕ ನೋಡಿ. 7 ಮಿ.ಮೀ. ಗುಂಡಗಿನ ಉಬ್ಬಿನ ಗಾತ್ರ ಸುಮಾರು 180 ಘನ ಮಿ.ಮೀ. ಅದರ ಕಾಲುಭಾಗವನ್ನ ಪ್ಲಾಟಿನಂ ತುಂಬೋಕೆ 0.010 ಇಂಚು ದಪ್ಪದ ಕಾಯಿಲ್ 90 ಸೆಂ.ಮೀ. ಹತ್ತಿರ ಬೇಕು. ಮೊದಲು ಗೂಡು ಕಟ್ಟೋ ಫ್ರೇಮಿಂಗ್ ಕಾಯಿಲ್, ಆಮೇಲೆ ಮೆತ್ತಗಿನವು. ಉಳಿದ ಮುಕ್ಕಾಲು ಭಾಗ ಹೆಪ್ಪುಗಟ್ಟಿದ ರಕ್ತವೇ. ಅದಕ್ಕೇ ಸಡಿಲವಾಗಿ ತುಂಬಿದ್ರೆ ರಕ್ತದ ಹೊಡೆತಕ್ಕೆ ಕಾಯಿಲ್ ಒಂದು ಕಡೆ ಒತ್ತಿ, ನೆಕ್ ಮತ್ತೆ ತೆರೆದುಕೊಳ್ಳುತ್ತೆ. ಬಲೂನ್ ಅಥವಾ ಸ್ಟೆಂಟ್ ಆಸರೆ ಕೊಟ್ಟು ಅಗಲ ನೆಕ್‌ಗೂ ಕಾಯಿಲ್ ಹಾಕಬಹುದು, ಆದ್ರೆ ಸ್ಟೆಂಟನ್ನ ನಾಳದೊಳಗೇ ಉಳಿಸಿದ್ರೆ ಈ ಮಾತ್ರೆಗಳು ಹೇಗೂ ತಪ್ಪಲ್ಲ.

ಫ್ಲೋ ಡೈವರ್ಟರ್ ಉಬ್ಬಿನೊಳಗೆ ಹೋಗೋದೇ ಇಲ್ಲ. ಮುಖ್ಯ ನಾಳದೊಳಗೆ ಕೂತು ಉಬ್ಬಿಗೆ ನುಗ್ಗೋ ರಕ್ತ ಕಮ್ಮಿ ಮಾಡೋ ಒತ್ತು ಹೆಣಿಗೆಯ ಜಾಳಿಗೆ ಅದು. ಪೈಪ್‌ಲೈನ್ ಅನ್ನೋ ಬ್ರ್ಯಾಂಡ್‌ನ ಡೈವರ್ಟರ್‌ನಲ್ಲಿ 48 ಎಳೆ, ನಾಳದ ಗೋಡೆಯ 30–35% ಲೋಹ ಮುಚ್ಚುತ್ತೆ. ಗಾತ್ರ ಚಿಕ್ಕದಾದ್ರೆ ಗೋಡೆಗೆ ಅಂಟದೆ ಸಂದಿ ಉಳಿದು ರಕ್ತ ಒಳಗೆ ಸೋರುತ್ತೆ, ಅಲ್ಲೇ ಹೆಪ್ಪೂ ಕಟ್ಟಬಹುದು. ಜಾಸ್ತಿ ದೊಡ್ಡದಾದ್ರೆ ಪೂರ್ತಿ ಬಿಚ್ಚಿಕೊಳ್ಳದೆ ಉದ್ದವಾಗಿ, ಹೆಣಿಗೆಯ ಕಣ್ಣು ಅಗಲವಾಗಿ ಕೆಲಸ ಕಮ್ಮಿ. ಅಳತೆ ತಗೊಳ್ಳೋದಕ್ಕೇ ಅರ್ಧ ತಲೆನೋವು.

ಇದನ್ನ ಹಾಕಿದ್ರೂ ಉಬ್ಬು ಅವತ್ತೇ ಮುಚ್ಚಲ್ಲ, ಇದನ್ನ ಮನೆಯವರೆಲ್ಲ ತಿಳ್ಕೊಂಡಿರಬೇಕು. ಪೈಪ್‌ಲೈನ್‌ನ ಮುಖ್ಯ ಅಧ್ಯಯನದಲ್ಲಿ ಆರು ತಿಂಗಳಿಗೆ ಪೂರ್ತಿ ಮುಚ್ಚಿದ್ದು ಸುಮಾರು 74%, ವರ್ಷಕ್ಕೆ 87%. ಅಲ್ಲಿವರೆಗೂ ಬಿಪಿ ಹಿಡಿತದಲ್ಲಿರಬೇಕು.

ಮಾತ್ರೆ ಡಬ್ಬಿ:
ಎರಡನೇ ಪ್ರಶ್ನೆಗೆ: ಈ ಮಾತ್ರೆ ರಕ್ತವನ್ನ ನೀರು ಮಾಡಲ್ಲ, ಪ್ಲೇಟ್‌ಲೆಟ್‌ಗಳು (ಹೆಪ್ಪು ಕಟ್ಟಿಸೋ ರಕ್ತಕಣಗಳು) ಒಂದಕ್ಕೊಂದು ಅಂಟಿ ಜಾಳಿಗೆಯಲ್ಲಿ ಹೆಪ್ಪು ಕಟ್ಟದ ಹಾಗೆ ನೋಡ್ಕೊಳ್ಳುತ್ತೆ. ಜಾಳಿಗೆ ಕೂರೋ ಹೊತ್ತಿಗೆ ಮಾತ್ರೆ ಹತ್ತಿರಬೇಕು, ಅದಕ್ಕೇ ಒಂದು ವಾರ ಮುಂಚಿನಿಂದ ಶುರು. ಉಬ್ಬು ಒಡೆಯೋದು ಗೋಡೆ ಸೋತು, ಮಾತ್ರೆಯಿಂದಲ್ಲ. ಆದ್ರೆ ಮಾತ್ರೆ ನಡೀತಿರುವಾಗ ಒಡೆದರೆ ರಕ್ತ ನಿಲ್ಲಿಸೋದು ಕಷ್ಟ. ಒಡೆದುಕೊಂಡೇ ಬಂದವರಿಗೆ ಡೈವರ್ಟರ್ ಬದಲು ಆದಷ್ಟು ಕಾಯಿಲ್ ನೋಡೋದು ಇದಕ್ಕೇ.

ಒಮೆಪ್ರಜೋಲ್ ವಿಷಯ ಇವತ್ತೇ ಡಾಕ್ಟರಿಗೆ ಹೇಳಿ. ಕ್ಲೋಪಿಡೋಗ್ರೆಲ್ ನುಂಗಿದ ಹಾಗೇ ಕೆಲಸ ಮಾಡಲ್ಲ, ಲಿವರ್‌ನಲ್ಲಿ ಒಂದು ಕಿಣ್ವ ಅದನ್ನ ಚುರುಕು ಮಾಡಬೇಕು. ಒಮೆಪ್ರಜೋಲ್, ಎಸೋಮೆಪ್ರಜೋಲ್ ಅದೇ ಕಿಣ್ವವನ್ನ ತಡೆಯುತ್ತೆ. ಸಾಮಾನ್ಯವಾಗಿ ಪ್ಯಾಂಟೊಪ್ರಜೋಲ್‌ಗೆ ಬದಲಾಯಿಸ್ತಾರೆ. ಹುಟ್ಟಿನಿಂದಲೇ ಆ ಕಿಣ್ವ ಮಂದ ಇರೋರು ನಮ್ಮಲ್ಲಿ ಬೇಕಾದಷ್ಟು ಜನ. ಪ್ಲೇಟ್‌ಲೆಟ್ ಫಂಕ್ಷನ್ ಟೆಸ್ಟ್ ಮಾಡ್ತೀರಾ ಅಂತ ಕೇಳಿ. ವೆರಿಫೈನೌ ಅನ್ನೋ ಟೆಸ್ಟ್ ಯಂತ್ರದಲ್ಲಿ ಪಿಆರ್‌ಯು (ಮಾತ್ರೆ ತಗೊಂಡ ಮೇಲೂ ಪ್ಲೇಟ್‌ಲೆಟ್ ಎಷ್ಟು ಚುರುಕಾಗಿದೆ ಅನ್ನೋ ಅಂಕಿ) 60ರಿಂದ 200ರ ಒಳಗೆ ಇರಲಿ ಅಂತ ಹಲವರು ನೋಡ್ತಾರೆ. ಮೇಲಿದ್ರೆ ಮಾತ್ರೆ ಹತ್ತುತ್ತಿಲ್ಲ, ಸ್ಟೆಂಟ್‌ನಲ್ಲಿ ಹೆಪ್ಪಿನ ಭಯ. ಕೆಳಗಿದ್ರೆ ರಕ್ತಸ್ರಾವದ ಭಯ. ಹತ್ತದವರಿಗೆ ಟಿಕಾಗ್ರೆಲರ್ 90 ಮಿ.ಗ್ರಾಂ. ದಿನಕ್ಕೆ ಎರಡು ಸಲ ಕೊಡೋದುಂಟು, ಅದರಲ್ಲಿ ಒಂದು ಹೊತ್ತೂ ತಪ್ಪಿಸಬಾರದು.

ಮೆಡಿಕಲ್ ಸ್ಟೋರ್‌ನಲ್ಲಿ ಆಗೋ ಎಡವಟ್ಟು: ಆಸ್ಪಿರಿನ್, ಕ್ಲೋಪಿಡೋಗ್ರೆಲ್ ಎರಡೂ ಸೇರಿದ ಕ್ಯಾಪ್ಸೂಲ್ ಕೊಟ್ಟಿರ್ತಾರೆ, ಮನೆಯಲ್ಲಿ ಹಳೇ ಆಸ್ಪಿರಿನ್ ಬೇರೆ ನಡೀತಿರುತ್ತೆ. ಸ್ಟ್ರಿಪ್‌ನ ಹಿಂದೆ ಸಣ್ಣಕ್ಷರ ಓದಿ. ಮಂಡಿನೋವಿಗೆ ಡೈಕ್ಲೋಫೆನಾಕ್, ಐಬುಪ್ರೊಫೆನ್ ಬೇಡ, ಪ್ಯಾರಾಸಿಟಮಾಲ್ ಸಾಕು.

ಜಯನಗರ ಸೊಸೆ:
ಒಮೆಪ್ರಜೋಲ್ ಇಷ್ಟೊಂದು ಮುಖ್ಯ ಅಂತ ಗೊತ್ತೇ ಇರಲಿಲ್ಲ, ಬೆಳಿಗ್ಗೆ ಫೋನ್ ಮಾಡ್ತೀನಿ. ಅವರದು ಒಂದು ಹಲ್ಲು ಕೀಳಿಸೋದು ಬಾಕಿ ಇದೆ. ನಡುವೆ ಮಾತ್ರೆ ನಿಲ್ಲಿಸಬಹುದಾ?

ಕ್ಯಾಥ್‌ಲ್ಯಾಬ್ ಮೂಲೆ:
ನಿಲ್ಲಿಸಬೇಡಿ. ಎರಡೂ ಮಾತ್ರೆ ಸಾಮಾನ್ಯವಾಗಿ ಆರು ತಿಂಗಳ ಹತ್ತಿರ ನಡೆಯುತ್ತೆ, ಆಸ್ಪಿರಿನ್ ಅದಕ್ಕೂ ಮುಂದೆ. ಅರ್ಜೆಂಟ್ ಅಲ್ಲದ ಹಲ್ಲಿನ ಕೆಲಸ ಪ್ರೊಸೀಜರ್‌ಗೆ ಮುಂಚೆ ಮುಗಿಸಿ, ಇಲ್ಲಾ ಆರು ತಿಂಗಳ ಚೆಕ್ ಆಂಜಿಯೋ ಆದ ಮೇಲೆ ಇಟ್ಕೊಳ್ಳಿ. ತಡೆಯೋಕಾಗದ ನೋವಿದ್ರೆ, ಮಾತ್ರೆ ನಡೀತಿರುವಾಗಲೇ ಒಂದು ಹಲ್ಲು ಕಿತ್ತು, ಹೊಲಿಗೆ ಹಾಕಿ, ಗಾಜ್ ಒತ್ತಿ ಹಿಡಿಸಿ ರಕ್ತ ನಿಲ್ಲಿಸ್ತಾರೆ. ಡೆಂಟಿಸ್ಟ್‌ಗೆ ಮೊದಲೇ ತಿಳಿಸಿ.

ಪ್ರೊಸೀಜರ್‌ನ ಸಣ್ಣ ಕೊಳವೆ ತೊಡೆಸಂದಿಯ ನಾಳದಿಂದ ಒಳಗೆ ಹಾಕಿದ್ರೆ ಆಮೇಲೆ ನಾಲ್ಕರಿಂದ ಆರು ಗಂಟೆ ಕಾಲು ಮಡಚುವಂತಿಲ್ಲ. ಅಲ್ಲಿ ಊತ ಬಂದ್ರೆ, ಅಥವಾ ಬೆನ್ನುನೋವಿನ ಜೊತೆ ಬಿಪಿ ಇಳಿದ್ರೆ ಒಳಗೆ ರಕ್ತ ಸೋರ್ತಿರಬಹುದು, ಸಿಸ್ಟರ್‌ನ ಆಗಲೇ ಕರೀರಿ. ಮನೆಗೆ ಬಂದ ಮೇಲೆ ಕೆಲವು ದಿನ ಸಣ್ಣ ತಲೆನೋವು ಇರಬಹುದು. ಸಿಡಿಲು ಬಡಿದ ಹಾಗೆ ತಲೆನೋವು, ಬಾಯಿ ಸೊಟ್ಟ, ಕೈ ಎತ್ತೋಕಾಗಲ್ಲ, ಮಾತು ತೊದಲು, ಕಣ್ಣು ಮಂಜು, ಯಾವುದಾದ್ರೂ ಒಂದು ಕಂಡ್ರೂ 108. ಕ್ಯಾಥ್‌ಲ್ಯಾಬ್ ಇರೋ ಆಸ್ಪತ್ರೆಗೇ ಹೋಗಿ, ಪಕ್ಕದ ಕ್ಲಿನಿಕ್‌ನಲ್ಲಿ ಒಂದು ಗಂಟೆ ಕಳೆದು ಆಮೇಲೆ ಹೊಸೂರು ರಸ್ತೆ ಟ್ರಾಫಿಕ್‌ಗೆ ಬೀಳಬೇಡಿ. ಡಿಸ್ಚಾರ್ಜ್ ದಿನ ಸಾಧನದ ಹೆಸರು, ಅಳತೆ ಇರೋ ಕಾರ್ಡ್ ಕೇಳಿ ಇಸ್ಕೊಳ್ಳಿ. ಮುಂದೆ ಎಂಆರ್‌ಐ ಮಾಡೋ ಕಡೆಯೆಲ್ಲ ಅದನ್ನ ಕೇಳ್ತಾರೆ.