ಅಕೌಂಟ್ಸ್‌ನಿಂದ ಡೇಟಾ ಅನಾಲಿಸಿಸ್‌ಗೆ: 90 ಅರ್ಜಿ, 2 ಕರೆ. ಎಲ್ಲಿ ತಪ್ಪುತ್ತಿದೆ?

ಹೊಸಹಾದಿ:
ಎಂಟು ವರ್ಷ ಅಕೌಂಟ್ಸ್ ಅನುಭವವಿದೆ: ಬ್ಯಾಂಕ್ ರಿಕನ್ಸಿಲಿಯೇಶನ್ (ನಮ್ಮ ಲೆಕ್ಕವನ್ನು ಬ್ಯಾಂಕಿನ ಲೆಕ್ಕಕ್ಕೆ ತಾಳೆ ನೋಡುವುದು), ತಿಂಗಳ ಲೆಕ್ಕ ಮುಗಿಸುವ ಕ್ಲೋಸಿಂಗ್, ವೆಂಡರ್ ಪೇಮೆಂಟ್. ಎಕ್ಸೆಲ್ ಚೆನ್ನಾಗಿ ಬರುತ್ತದೆ, ಎಸ್‌ಕ್ಯೂಎಲ್ (ಡೇಟಾಬೇಸ್‌ನಿಂದ ಮಾಹಿತಿ ತೆಗೆಯುವ ಭಾಷೆ) ಕೋರ್ಸ್ ಎರಡು ಮುಗಿದಿವೆ. ಮೂರು ತಿಂಗಳಲ್ಲಿ ಡೇಟಾ ಅನಾಲಿಸ್ಟ್ ಹುದ್ದೆಗೆ 90 ಅರ್ಜಿ ಹಾಕಿದೆ, ಬಂದದ್ದು ಎರಡೇ ಕರೆ. ಇನ್ನೊಂದು ಸರ್ಟಿಫಿಕೇಟ್ ಮಾಡಲೇ? ಈಗಿನ ಕೆಲಸ ಬಿಟ್ಟು ಪೂರ್ತಿ ಇದರಲ್ಲೇ ಕೂರಲೇ?

ಜಮಾಖರ್ಚು:
ಸರ್ಟಿಫಿಕೇಟ್ ಬೇಡ. ಕೆಲಸವನ್ನೂ ಬಿಡಬೇಡಿ. 90ಕ್ಕೆ 2 ಕರೆ ಅಂದರೆ ತೊಡಕು ಸಂದರ್ಶನಕ್ಕಿಂತ ಮೊದಲೇ ಇದೆ: ಯಾವ ಹುದ್ದೆಗೆ ಹಾಕುತ್ತಿದ್ದೀರಿ, ರೆಸ್ಯೂಮೆ ಏನು ಹೇಳುತ್ತಿದೆ ಎಂಬಲ್ಲಿ. ಕರೆ ಬಂದು ಮೊದಲ ಸುತ್ತಿನಲ್ಲೇ ನಿಂತಿದ್ದರೆ ತಯಾರಿ ಸಾಲದು ಅನ್ನಬಹುದಿತ್ತು. ನಿಮ್ಮ ಹೆಚ್ಚಿನ ಅರ್ಜಿಗಳು ಆ ಹಂತಕ್ಕೇ ಹೋಗಿಲ್ಲ. ಸೋರುವ ಜಾಗ ನೋಡದೆ ಅರ್ಜಿ ಹೆಚ್ಚಿಸಿದರೆ ತೂತು ಕೊಡಕ್ಕೆ ನೀರು ಸೇದಿದಂತೆ.

ಬರೀ 'ಡೇಟಾ ಅನಾಲಿಸ್ಟ್' ಎಂದಿರುವ ಹುದ್ದೆಗೆ ಈಗಷ್ಟೇ ಓದು ಮುಗಿಸಿದವರೂ ಹಾಕುತ್ತಾರೆ, ಅದೇ ಕೆಲಸ ಮಾಡಿ ಈಗ ಖಾಲಿ ಇರುವವರೂ ಹಾಕುತ್ತಾರೆ. ಆ ಸಾಲಿನಲ್ಲಿ ನಿಮ್ಮ ಎಂಟು ವರ್ಷ ಲೆಕ್ಕಕ್ಕೇ ಬರುವುದಿಲ್ಲ. ಫೈನಾನ್ಸ್ ಅನಾಲಿಸ್ಟ್, ಎಂಐಎಸ್ (ಆಡಳಿತಕ್ಕೆ ವರದಿ ತಯಾರಿಸುವ ಕೆಲಸ), ಬಿಲ್ಲಿಂಗ್ ಅನಾಲಿಸ್ಟ್, ರೆವೆನ್ಯೂ ಅಶ್ಯೂರೆನ್ಸ್ (ಬರಬೇಕಾದ ಆದಾಯ ಸೋರದಂತೆ ನೋಡುವ ಕೆಲಸ) ಎಂದು ಹುಡುಕಿ. ಕೆಲಸದ ಬಗೆ, ಉದ್ಯಮ ಎರಡನ್ನೂ ಒಂದೇ ಏಟಿಗೆ ಬದಲಿಸಲು ಹೋದರೆ ನಿಮ್ಮ ಕೈಯಲ್ಲಿ ತೋರಿಸಲು ಏನೂ ಉಳಿಯುವುದಿಲ್ಲ. ಒಂದನ್ನು ಹಿಡಿದುಕೊಂಡು ಇನ್ನೊಂದನ್ನು ಬದಲಿಸಿ.

ಈ ವಾರ ಅರ್ಜಿ ನಿಲ್ಲಿಸಿ. ಇಂಥ 25 ಜಾಹೀರಾತುಗಳನ್ನು ಒಂದು ಶೀಟಿಗೆ ಇಳಿಸಿ, ಪ್ರತಿಯೊಂದು ಏನೇನು ಕೇಳಿದೆ ಎಂದು ಗುರುತು ಹಾಕಿ ಎಣಿಸಿ. 15ಕ್ಕಿಂತ ಹೆಚ್ಚು ಕಡೆ ಬಂದದ್ದನ್ನು ಮೊದಲು ಕಲಿಯಿರಿ. ಎರಡು ಮೂರು ಕಡೆ ಮಾತ್ರ ಕಂಡದ್ದನ್ನು ಸದ್ಯಕ್ಕೆ ಮರೆತುಬಿಡಿ.

ಎರಡನೇ ಓದು:
ರೆಸ್ಯೂಮೆ ಬಗ್ಗೆ. ಎರಡು ಕಾಲಂ, ಟೇಬಲ್, ಕೌಶಲಕ್ಕೆ ನಕ್ಷತ್ರ ಕೊಡುವ ಚಿತ್ರ ಇದ್ದರೆ ತೆಗೆಯಿರಿ. ಅರ್ಜಿ ಓದುವ ಎಷ್ಟೋ ಸಾಫ್ಟ್‌ವೇರ್‌ಗಳು ಎಡಬಲದ ಕಾಲಂಗಳನ್ನು ಕಲಸಿಬಿಡುತ್ತವೆ, ಹೆಡರ್‌ನಲ್ಲಿ ಬರೆದ ಫೋನ್ ನಂಬರನ್ನು ಬಿಟ್ಟೇಬಿಡಬಹುದು. ಪರೀಕ್ಷೆ ಸುಲಭ: ಪಿಡಿಎಫ್ ತೆರೆದು ಎಲ್ಲವನ್ನೂ ಕಾಪಿ ಮಾಡಿ ನೋಟ್‌ಪ್ಯಾಡ್‌ಗೆ ಹಾಕಿ. ಅಲ್ಲಿ ಸಾಲು ಹಿಂದುಮುಂದಾದರೆ ಆ ಕಡೆಯೂ ಹಾಗೆಯೇ ಆಗುವ ಸಾಧ್ಯತೆ ಹೆಚ್ಚು.

'ವೆಂಡರ್ ಪೇಮೆಂಟ್ ನೋಡಿಕೊಂಡೆ' ಎಂದು ಬರೆದರೆ ಓದುವವರಿಗೆ ಗುಮಾಸ್ತಿಕೆ ಕಾಣುತ್ತದೆ. ತಿಂಗಳಿಗೆ ಎಷ್ಟು ಬಿಲ್, ಎಷ್ಟು ಖಾತೆ, ತಾಳೆಯಾಗದ ಮೊತ್ತವನ್ನು ಯಾವ ವಿಧಾನದಲ್ಲಿ ಹುಡುಕಿದಿರಿ, ಕ್ಲೋಸಿಂಗ್ ಎಷ್ಟು ದಿನದಿಂದ ಎಷ್ಟಕ್ಕೆ ಇಳಿಯಿತು ಎಂದು ಬರೆಯಿರಿ. ಅಂಕಿ ನಿಜವಾಗಿರಲಿ. ಸಂದರ್ಶನದಲ್ಲಿ ಮೊದಲು ಕೆದಕುವುದೇ ಅದನ್ನು.

ಸಾಲುಕಂಬ:
ಕೋರ್ಸ್ ಮುಗಿಸಿದವರು ಸಾಮಾನ್ಯವಾಗಿ ಎಡವುವುದು ಜಾಯಿನ್‌ನಲ್ಲಿ, ಅಂದರೆ ಎಸ್‌ಕ್ಯೂಎಲ್‌ನಲ್ಲಿ ಎರಡು ಟೇಬಲ್‌ಗಳನ್ನು ಜೋಡಿಸುವಲ್ಲಿ. ನಿಮಗೆ ತಿಳಿದ ಕ್ಷೇತ್ರದ್ದೇ ಉದಾಹರಣೆ ಕೊಡುತ್ತೇನೆ. 10,000ದ ಒಂದು ಬಿಲ್ಲಿಗೆ ಮೂರು ಕಂತಿನಲ್ಲಿ ಹಣ ಬಂದಿದೆ. ಬಿಲ್ ಟೇಬಲ್‌ಗೆ ಪಾವತಿ ಟೇಬಲನ್ನು ನೇರ ಜೋಡಿಸಿದರೆ ಆ ಬಿಲ್ ಮೂರು ಸಾಲಾಗುತ್ತದೆ, ಬಿಲ್ ಮೊತ್ತ ಕೂಡಿದರೆ 30,000. ಮೊದಲು ಪಾವತಿಗಳನ್ನು ಬಿಲ್‌ವಾರು ಒಟ್ಟುಗೂಡಿಸಿ, ಆಮೇಲೆ ಜೋಡಿಸಬೇಕು. ಇನ್ನೊಂದು: ಪಾವತಿಯನ್ನು ಲೆಫ್ಟ್ ಜಾಯಿನ್ (ಪಾವತಿ ಇಲ್ಲದಿದ್ದರೂ ಎಲ್ಲ ಬಿಲ್ಲನ್ನೂ ಉಳಿಸುವ ಜೋಡಣೆ) ಮಾಡಿ, ಪಾವತಿ ದಿನಾಂಕದ ಷರತ್ತನ್ನು ವೇರ್‌ನಲ್ಲಿ (ಜೋಡಿಸಿದ ಮೇಲೆ ಸಾಲುಗಳನ್ನು ಸೋಸುವ ಭಾಗ) ಹಾಕಿದರೆ ಹಣವೇ ಬಾರದ ಬಿಲ್ಲುಗಳು ಮಾಯವಾಗುತ್ತವೆ, ಏಕೆಂದರೆ ಅಲ್ಲಿ ದಿನಾಂಕ ನಲ್, ಅಂದರೆ ಖಾಲಿ. ಬಾಕಿ ಪಟ್ಟಿಗೆ ಬೇಕಾದದ್ದೇ ಆ ಬಿಲ್ಲುಗಳು! ಷರತ್ತನ್ನು, ಹೇಗೆ ಜೋಡಿಸಬೇಕೆಂದು ಹೇಳುವ ಆನ್ ಭಾಗಕ್ಕೆ ಸರಿಸಿ.

ಇದನ್ನೇ ಒಂದು ಪ್ರಾಜೆಕ್ಟ್ ಮಾಡಿ. ಕಂಪನಿಯ ಡೇಟಾ ಖಂಡಿತ ಮುಟ್ಟಬೇಡಿ, ಹೆಸರು ಅಳಿಸಿಯೂ ಬೇಡ. ನೀವೇ 5,000 ಕಲ್ಪಿತ ಬಿಲ್ ತಯಾರಿಸಿ, ಅದರಲ್ಲಿ ಬೇಕೆಂದೇ ಎರಡೆರಡು ಸಲ ಬಂದ ನಮೂದು, ಖಾಲಿ ದಿನಾಂಕ, ಹೆಸರಿನ ಕೊನೆಯಲ್ಲಿ ಸ್ಪೇಸ್ ಸೇರಿಸಿ. ಶುದ್ಧ ಮಾಡಿ, 0-30, 31-60, 61-90, 90 ಮೀರಿದ ದಿನಗಳ ಬಾಕಿ ವರದಿ ತೆಗೆಯಿರಿ. ಬಿಟ್ಟ ಸಾಲೆಷ್ಟು, ಉಳಿದ ಸಾಲೆಷ್ಟು, ಮೂಲದ ಮೊತ್ತಕ್ಕೆ ಎಲ್ಲವೂ ತಾಳೆಯಾಯಿತೇ ಎಂದು ಒಂದು ಪುಟ ಬರೆದು ಗಿಟ್‌ಹಬ್‌ಗೆ (ಕೋಡ್ ಹಂಚಿಕೊಳ್ಳುವ ತಾಣ) ಹಾಕಿ. ಹತ್ತು ಬಣ್ಣದ ಡ್ಯಾಶ್‌ಬೋರ್ಡ್‌ಗಿಂತ ಆ ತಾಳೆ ಪುಟವೇ ನಿಮ್ಮನ್ನು ಬೇರೆಯಾಗಿ ತೋರಿಸುತ್ತದೆ. ತಾಳೆ ನೋಡುವ ಅಭ್ಯಾಸ ಅಕೌಂಟ್ಸ್‌ನವರಿಗೆ ರಕ್ತಗತ, ಕೋರ್ಸ್‌ಗಳಲ್ಲಿ ಅದನ್ನು ಹೆಚ್ಚಾಗಿ ಹೇಳಿಕೊಡುವುದಿಲ್ಲ.

ಹೊಸಹಾದಿ:
ಎಲ್ಲರಿಗೂ ಧನ್ಯವಾದ. ನೋಟ್‌ಪ್ಯಾಡ್ ಪರೀಕ್ಷೆ ಮಾಡಿದೆ, ಹುದ್ದೆಯ ಹೆಸರುಗಳೆಲ್ಲ ಒಂದು ಕಡೆ, ವರ್ಷಗಳೆಲ್ಲ ಇನ್ನೊಂದು ಕಡೆ ಬಂದವು. ಪರಿಚಯದವರ ರೆಫರಲ್ (ತಮ್ಮ ಕಂಪನಿಗೆ ಶಿಫಾರಸು) ಕೇಳುವಾಗ ಏನು ಬರೆಯಲಿ?

ಜಮಾಖರ್ಚು:
'ಏನಾದರೂ ಕೆಲಸ ಇದ್ದರೆ ಹೇಳಿ' ಎಂದು ಮಾತ್ರ ಬರೆಯಬೇಡಿ, ಅವರು ಮಾಡುವುದೇನೆಂದು ಅವರಿಗೇ ತಿಳಿಯದು. ಹುದ್ದೆಯ ಲಿಂಕ್, ಜಾಬ್ ಐಡಿ, ನಿಮಗೆ ಅದು ಏಕೆ ಹೊಂದುತ್ತದೆ ಎಂಬ ಮೂರು ಸಾಲು, ಪಿಡಿಎಫ್. ಇವಿಷ್ಟನ್ನು ಹಾಗೇ ಫಾರ್ವರ್ಡ್ ಮಾಡುವಂತೆ ಕಳಿಸಿ. ಅರ್ಜಿ ಹಾಕುವ ಮೊದಲೇ ಕೇಳಿ, ಏಕೆಂದರೆ ಒಮ್ಮೆ ನೇರವಾಗಿ ಹಾಕಿದವರನ್ನು ಎಷ್ಟೋ ಕಂಪನಿಗಳಲ್ಲಿ ರೆಫರಲ್‌ಗೆ ಪರಿಗಣಿಸುವುದಿಲ್ಲ. ಒಂದು ವಾರ ಕಾದು ಒಮ್ಮೆ ನೆನಪಿಸಿ, ಸಾಕು. ಮತ್ತೆ, ಆಫರ್ ಲೆಟರ್‌ಗೋ ಟ್ರೈನಿಂಗ್‌ಗೋ ಮೊದಲು ಹಣ ಕಟ್ಟಿ ಎಂದವರಿಗೆ ಉತ್ತರಿಸಲೇಬೇಡಿ.