ಅಪ್‌ಡೇಟ್: ಮಂಗಳೂರಿನ ಫ್ಲ್ಯಾಟಿಗೆ ಪಿಯಾನೋ ಬಂತು

ಮಗಳಿಗೆ ಹಳೇ ಅಪ್‌ರೈಟ್ (ನೆಟ್ಟಗೆ ನಿಲ್ಲುವ, ತಂತಿಯ ಪಿಯಾನೋ) ತಗೊಳ್ಳಲಾ, ಡಿಜಿಟಲ್ ಪಿಯಾನೋ ತಗೊಳ್ಳಲಾ ಅಂತ ಇಲ್ಲಿ ಹಿಂದೆ ಕೇಳಿದ್ದೆನಲ್ಲ, ಕೊನೆಗೆ ರೋಲ್ಯಾಂಡ್ ಎಫ್‌ಪಿ-30ಎಕ್ಸ್ ಎಂಬ ಡಿಜಿಟಲ್ ಪಿಯಾನೋ ತಂದೆವು. ದುಡ್ಡು ಕೊಡುವ ಮುಂಚೆ ಟ್ಯೂನರ್ (ಪಿಯಾನೋ ಶ್ರುತಿ ಮಾಡುವವರು) ಒಬ್ಬರನ್ನು ಕರೆದುಕೊಂಡು ಹೋಗಿ ಅಂದವರಿಗೆ ದೊಡ್ಡ ಥ್ಯಾಂಕ್ಸ್. ಹೊರಗೆ ಪಳಪಳ ಹೊಳೆಯುತ್ತಿದ್ದ ಆ ಅಪ್‌ರೈಟ್‌ನ ತಂತಿ ಬಿಗಿಯುವ ಟ್ಯೂನಿಂಗ್ ಪಿನ್‌ಗಳು ಸಡಿಲ, ಎಷ್ಟು ಸರಿ ಮಾಡಿದರೂ ಶ್ರುತಿ ನಿಲ್ಲುವುದಿಲ್ಲ ಅಂದರು ಟ್ಯೂನರ್. ಮಳೆಗಾಲದ ತೇವಕ್ಕೆ ಒಳಗಿನ ಸೌಂಡ್‌ಬೋರ್ಡ್ (ನಾದ ಹೊಮ್ಮಿಸುವ ಮರದ ಹಲಗೆ) ಉಬ್ಬಿ, ತಂತಿ ಬಿಗಿಯಾಗಿ ಶ್ರುತಿ ಮೇಲೇರುತ್ತದಂತೆ, ಗೊತ್ತೇ ಇರಲಿಲ್ಲ!

61 ಕೀ ಕೀಬೋರ್ಡ್ ಸಾಕು ಎಂಬ ಸಲಹೆ ನಮಗೆ ಆಗಲಿಲ್ಲ. ನೋಡಿದ ಒಂದರಲ್ಲೂ ಕೀಗೆ ತೂಕವೇ ಇಲ್ಲ, ಟೀಚರ್‌ಗೆ 88 ಕೀ, ಹ್ಯಾಮರ್ ಆಕ್ಷನ್ (ನಿಜವಾದ ಪಿಯಾನೋದಂತೆ ಕೀ ಭಾರವಾಗಿರುವುದು) ಬೇಕೇ ಬೇಕು.

ಇನ್ನೊಂದು, ಹೆಡ್‌ಫೋನ್ ಹಾಕಿದರೆ ಸದ್ದೇ ಇಲ್ಲ ಅಂದುಕೊಳ್ಳಬೇಡಿ. ಯಾವ ಡಿಜಿಟಲ್ ಆದರೂ ಕೀ ಒತ್ತುವ ಟಕಟಕ ಸ್ಟ್ಯಾಂಡ್ ಮೂಲಕ ಕೆಳಗಿನ ಮನೆಗೆ ಇಳಿಯುತ್ತದೆ. ದಪ್ಪ ರಬ್ಬರ್ ಮ್ಯಾಟ್ ಹಾಕಿದ ಮೇಲೆ ಕೆಳಗಿನ ಆಂಟಿ ಸುಮ್ಮನಾಗಿದ್ದಾರೆ, ಸದ್ಯಕ್ಕೆ.